ಆಯ್ಲರ್ ಒಡೆದ ಸಂಖ್ಯೆ: 429,49,67,297

[ದೃಶ್ಯ: ಶಿರಸಿಯ ಮನೆಯೊಂದರ ಜಗಲಿ. ಮಣೆಯ ಮೇಲೆ 17 ಚಾಲಿ ಅಡಿಕೆ.]

ನಮಸ್ಕಾರ. ನಮ್ಮ ಮುಂದಿರುವ ಈ 17 ಅಡಿಕೆಗಳನ್ನು ಎರಡೆರಡಾಗಿ, ಮೂರುಮೂರಾಗಿ, ಐದೈದಾಗಿ ಹೇಗೆ ಸಾಲಿಟ್ಟರೂ ಕೊನೆಯಲ್ಲಿ ಕೆಲವು ಉಳಿದೇ ಉಳಿಯುತ್ತವೆ. ಹೀಗೆ ಸಮಪಾಲಾಗದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ.

17 ಎಂದರೆ 2⁴ + 1. ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋದರೆ 3, 5, 17, 257, 65,537 ದೊರೆಯುತ್ತವೆ, ಐದೂ ಅವಿಭಾಜ್ಯ. ಈ ಸಾಲು ಎಲ್ಲಿಯೂ ತಪ್ಪುವುದಿಲ್ಲವೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯೆರ್ ದ ಫರ್ಮಾ ನಂಬಿದ್ದರು. ಮುಂದಿನದು 2³² + 1, ಅಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು.

ಇದು ಅವಿಭಾಜ್ಯವಲ್ಲವೆಂದು 1732ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿದರು: 641 × 6700417. 641ಕ್ಕಿಂತ ಚಿಕ್ಕ ಅವಿಭಾಜ್ಯಗಳೇ 115 ಇವೆ. ಆದರೆ ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವು 64ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲಿಯೇ ಇರಬೇಕೆಂಬ ನಿಯಮವನ್ನು ಹಿಡಿದು ಹೊರಟರೆ, 193, 257, 449, 577 ಇವಿಷ್ಟನ್ನು ಪರೀಕ್ಷಿಸಿದ ಮೇಲೆ ಐದನೆಯದೇ 641!

[ದೃಶ್ಯ: ಸ್ಲೇಟಿನ ಮೇಲೆ ಎರಡು ಸಾಲು. 641 = 5 × 2⁷ + 1; 641 = 5⁴ + 2⁴.]

ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನಿಸಿ. ಪೆನ್ನು ಹಿಡಿದು ನೀವೂ ಬರೆಯಿರಿ. 5 × 2⁷ ಎಂಬುದು 640, ಅಂದರೆ 641ಕ್ಕೆ ಒಂದು ಕಡಿಮೆ. ಆದ್ದರಿಂದ 641ರಿಂದ ಭಾಗಿಸುವಾಗ ಅದರ ಶೇಷವನ್ನು −1 ಎಂದು ಹಿಡಿಯಬಹುದು. ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1 ಆಗುತ್ತದೆ. ಎರಡನೆಯ ಸಾಲಿನ ಪ್ರಕಾರ 5⁴ ಹಾಗೂ 2⁴ ಕೂಡಿದರೆ ಶೇಷವೇ ಇಲ್ಲ, ಆದ್ದರಿಂದ 5⁴ ಇರುವಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1 ಎಂದಾಗುತ್ತದೆ. ಅಂದಮೇಲೆ 2³² + 1ರ ಶೇಷ ಸೊನ್ನೆ. ಹತ್ತು ಅಂಕಿಗಳ ಸಂಖ್ಯೆಯೊಂದನ್ನು ಒಮ್ಮೆಯೂ ಭಾಗಿಸದೆ ಅದರ ಅಪವರ್ತನವನ್ನು ಸಾಧಿಸಿದೆವು. ಈ ಲೆಕ್ಕವನ್ನು ಎಷ್ಟು ಸಲ ಬರೆದರೂ ನನಗೆ ಮೊದಲ ಸಲದಷ್ಟೇ ಸಂತೋಷವಾಗುತ್ತದೆ.

ಫರ್ಮಾ ಅವರ ಸಾಲಿನಲ್ಲಿ 65,537ರ ನಂತರದ ಅವಿಭಾಜ್ಯವೊಂದು ಇಂದಿಗೂ ಸಿಕ್ಕಿಲ್ಲ.

ಇನ್ನು ಇದರ ನೆರೆಯವನನ್ನೂ ನೋಡೋಣ. ನಮ್ಮ ಸಂಖ್ಯೆಯಿಂದ ಎರಡು ಕಳೆದರೆ ಬರುವ 429,49,67,295 ಎಂಬುದು 3, 5, 17, 257, 65,537 ಈ ಐದರ ಗುಣಲಬ್ಧ. ಈ ಸಂಖ್ಯೆಗಳು ರೇಖಾಗಣಿತದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಹದಿನೇಳು ಸಮಬಾಹುಗಳ ನಿಯಮಿತ ಬಹುಭುಜವನ್ನು ಕೈವಾರ ಮತ್ತು ಅಂಕಿಯಿಲ್ಲದ ಪಟ್ಟಿಯಿಂದ ರಚಿಸಬಹುದೆಂದು 1796ರಲ್ಲಿ ಹದಿನೆಂಟರ ಹರೆಯದ ಜರ್ಮನ್ ಗಣಿತಜ್ಞ ಗೌಸ್ ಕಂಡುಕೊಂಡರು. ಹಾಗೆ ರಚಿಸಬಹುದೆಂದು ಈವರೆಗೆ ಗೊತ್ತಿರುವ, ಬೆಸ ಸಂಖ್ಯೆಯ ಬಾಹುಗಳುಳ್ಳ ನಿಯಮಿತ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕಿರುವ ಬಾಹುಗಳು ಸರಿಯಾಗಿ 429,49,67,295.