ಅನ್ನಕ್ಕೆ ಬಣ್ಣ ಹಚ್ಚುವ ಸೊಪ್ಪು

ನಮಸ್ಕಾರ ಕೇಳುಗರೇ.

ಇವತ್ತು ಹರಿವೆ ಸೊಪ್ಪಿನ ಮಾತು. ಬೆಂಗಳೂರು, ಮೈಸೂರು ಕಡೆಯವರು ಇದನ್ನು ದಂಟಿನ ಸೊಪ್ಪು ಅನ್ನುತ್ತೀರಿ. ಧಾರವಾಡದ ಕಡೆ ರಾಜಗಿರಿ. ಶಿರಸಿಯವಳಾದ ನನಗೆ ಅದು ಹರಿವೆಯೇ. ಆದರೆ ಇವತ್ತು ಹೇಳಹೊರಟಿರುವುದು ನಮ್ಮ ಪಲ್ಯ, ಸಾಸಿವೆಯ ಸುದ್ದಿ ಅಲ್ಲ. ಇದೇ ಸೊಪ್ಪನ್ನು ಚೀನಾದ ಮನೆಗಳಲ್ಲಿ ಹೇಗೆ ಮಾಡುತ್ತಾರೆ ಅನ್ನೋದು.

ಗಂಡನ ಕೆಲಸದ ಸಲುವಾಗಿ ನಾವು ಎರಡು ವರ್ಷ ಶಾಂಘೈಯಲ್ಲಿದ್ದೆವು. ಮೊದಲ ಬೇಸಿಗೆಯಲ್ಲಿ ತರಕಾರಿ ಮಾರ್ಕೆಟ್ಟಿಗೆ ಹೋದರೆ ಹೆಸರೇ ಗೊತ್ತಿಲ್ಲದ ಸೊಪ್ಪುಗಳ ರಾಶಿ. ಒಂದು ಗುಡ್ಡೆ ಮಾತ್ರ ನಮ್ಮ ಹಿತ್ತಿಲಿಂದಲೇ ಕಿತ್ತು ತಂದ ಹಾಗಿತ್ತು. ಎಲೆಯ ಅಂಚು ಹಸಿರು, ನಡುವೆ ಕುಂಕುಮ ಚೆಲ್ಲಿದಂತೆ ಕೆಂಪು. ಅಲ್ಲಿ ಅದರ ಹೆಸರು 'ಶಿಯೆನ್ ತ್ಸೈ'. ಹೆಸರು ಏನೇ ಇರಲಿ, ಗಿಡ ಅದೇ. ಅಲ್ಲಿ ತೂಕಕ್ಕೆ 'ಜಿನ್' ಲೆಕ್ಕ, ಅಂದರೆ ನಮ್ಮ ಅರ್ಧ ಕಿಲೋ. ಒಂದು ಜಿನ್ ಕಟ್ಟಿಸಿಕೊಂಡು ಬಂದೆ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ತಾಯಿ ವಯಸ್ಸಿನವರನ್ನು ಅಲ್ಲಿ 'ಆಯಿ' ಅಂತ ಕರೆಯುತ್ತಾರೆ, ನಾವು ಚಿಕ್ಕಮ್ಮ ಅಂದ ಹಾಗೆ. ನಮ್ಮ ಕಡೆ ಹವ್ಯಕರಲ್ಲಿ ಅಮ್ಮನೇ ಆಯಿ. ಹಾಗಾಗಿ ಚೀನೀ ಭಾಷೆಯಲ್ಲಿ ನನ್ನ ಬಾಯಿಗೆ ಸಲೀಸಾಗಿ ಬಂದ ಮೊದಲ ಪದ ಅದು.

ಅವತ್ತು ನಾನು ಸೊಪ್ಪು ಬೇಯಿಸಿ, ಕೆಂಪು ನೀರನ್ನು ಬಸಿದು ಸಿಂಕಿಗೆ ಸುರಿಯುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಆಯಿ "ಅಯ್ಯಾ!" ಅಂತ ಕೂಗಿದರು. ಬೆಚ್ಚಿಬಿದ್ದಾಗ ಅವರು ಅನ್ನುವುದೂ ನಮ್ಮಂತೆಯೇ, ನೋಡಿ. ಅವರ ಲೆಕ್ಕದಲ್ಲಿ ನಾನು ಚೆಲ್ಲಿದ್ದೇ ಪದಾರ್ಥ, ಪಾತ್ರೆಯಲ್ಲಿ ಉಳಿದದ್ದು ಚರಟ.

ಮರುದಿನ ತಾವೇ ಒಂದು ಜಿನ್ ತಂದು, ನನ್ನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡರು. ಬರೆದುಕೊಳ್ಳುವವರು ಪೆನ್ನು ಹುಡುಕಬೇಕಾಗಿಲ್ಲ, ಸಾಮಾನು ನಾಲ್ಕೇ: ಸೊಪ್ಪು, ಬೆಳ್ಳುಳ್ಳಿ, ಎಣ್ಣೆ, ಉಪ್ಪು. ಸೊಪ್ಪನ್ನು ಮೂರು ನೀರಲ್ಲಿ ತೊಳೆದರು. ಹೆಚ್ಚಲಿಲ್ಲ, ಎಳೆ ದಂಟಿನ ಸಮೇತ ಕೈಯಲ್ಲೇ ಮುರಿದರು. ಏಳೆಂಟು ಎಸಳು ಬೆಳ್ಳುಳ್ಳಿಯನ್ನು ಮಚ್ಚಿನಂಥ ಅಗಲ ಚಾಕುವಿನ ಮಗ್ಗುಲಿನಿಂದ ಪಟ್ ಪಟ್ ಅಂತ ಜಜ್ಜಿದರು. ಸಿಪ್ಪೆ ತಾನಾಗೇ ಬಿಟ್ಟುಕೊಂಡಿತು. ಗುಂಡುತಳದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಹಿಂದೆಯೇ ಬೆಳ್ಳುಳ್ಳಿ. ಅಂಚು ಹೊಂಬಣ್ಣಕ್ಕೆ ತಿರುಗಿದ್ದೇ ತಡ, ಸೊಪ್ಪು ಅಷ್ಟನ್ನೂ ಒಟ್ಟಿಗೆ ಸುರಿದರು. ಬೆಟ್ಟದಷ್ಟಿದ್ದದ್ದು ಒಂದು ನಿಮಿಷದಲ್ಲಿ ಮುಷ್ಟಿಯಷ್ಟಾಯಿತು. ಆಮೇಲೆ ಉಪ್ಪು, ಅರ್ಧ ಲೋಟ ಬಿಸಿನೀರು, ಮೇಲೊಂದು ಮುಚ್ಚಳ. ಎರಡು ಮೂರು ನಿಮಿಷ, ಅಷ್ಟೇ.

ಮುಚ್ಚಳ ತೆಗೆದಾಗ ನಾನು ನೋಡಿದ್ದು ಸೊಪ್ಪನ್ನಲ್ಲ, ಬೆಳ್ಳುಳ್ಳಿಯನ್ನು. ಒಂದೊಂದು ಎಸಳೂ ದಾಸವಾಳದ ನೀರಲ್ಲಿ ನೆನೆಸಿಟ್ಟಂತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆಯಿ ಮೊದಲು ರಸವನ್ನು ಚಮಚದಲ್ಲಿ ತೆಗೆದು ಬಿಳಿ ಅನ್ನದ ಮೇಲೆ ಹಾಕಿದರು. ಅನ್ನವೂ ಗುಲಾಬಿ! ಅವರ ಮೊಮ್ಮಗಳು ಬೇರೆ ಸೊಪ್ಪು ಕಂಡರೆ ಮುಖ ತಿರುಗಿಸುವವಳು, ಇದಕ್ಕೆ ಮಾತ್ರ ಬಟ್ಟಲು ಹಿಡಿದು ಕೂರುತ್ತಿದ್ದಳು. ಈ ಬಣ್ಣ ಬೀಟ್‌ರೂಟಿನ ಬಣ್ಣದ ಜಾತಿಯದೇ. ನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ, ಜಾಸ್ತಿ ಹೊತ್ತು ಕುದಿಸಿದರೆ ಮಂಕಾಗುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಮಾತ್ರ ಈ ರಸದ ಆಸೆ ಬಿಡಬೇಕು. ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಸೊಪ್ಪಿನಲ್ಲಿದೆ, ಅದೂ ಇದೇ ನೀರಿಗೆ ಇಳಿಯುತ್ತದೆ.

ದಕ್ಷಿಣದ ಗ್ವಾಂಗ್‌ಡಾಂಗ್ ಕಡೆ ಇದನ್ನೇ ಸಾರಿನಂತೆ ಮಾಡುತ್ತಾರೆ. ಕೋಳಿ, ಮಾಂಸ ಬೇಯಿಸಿದ ತಿಳಿಗಟ್ಟು, ಅದಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಬಾತುಕೋಳಿ ಮೊಟ್ಟೆ. ಜೊತೆಗೆ ಸುಣ್ಣ, ಬೂದಿ ಮೆತ್ತಿ ವಾರಗಟ್ಟಲೆ ಇಟ್ಟು ಕಪ್ಪಾಗಿಸಿದ ಮೊಟ್ಟೆ. ನಾನು ಮೊಟ್ಟೆ ತಿನ್ನದವಳು, ರುಚಿ ಹೇಳಲಾರೆ. ಸಿಂಗಪುರದಲ್ಲಿರುವ ಕನ್ನಡದವರಿಗೆ ಈ ಸಾರು ಪರಿಚಯ ಇರಬೇಕು. ಅಲ್ಲಿ ಅದಕ್ಕೆ ಒಣಗಿಸಿದ ಸಣ್ಣ ಮೀನೂ ಬೀಳುತ್ತದೆ.

ಶಾಂಘೈ ಸುತ್ತಮುತ್ತಲ ಯಾಂಗ್ತ್ಸೆ ನದಿಯ ಕೆಳನಾಡಿನಲ್ಲಿ ಈ ಸೊಪ್ಪಿಗೆ ಒಂದು ಹಬ್ಬವೂ ಇದೆ. ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ, ದೋಣಿ ಸ್ಪರ್ಧೆಯ ಹಬ್ಬ. ಸಾಮಾನ್ಯವಾಗಿ ಜೂನ್ ಆಸುಪಾಸಿಗೆ ಬರುತ್ತದೆ. ಹಾವು, ಚೇಳು, ಜರಿ ಎಲ್ಲ ಹೊರಬೀಳುವ ಕೆಟ್ಟ ತಿಂಗಳು ಅದು ಅಂತ ಹಳಬರ ನಂಬಿಕೆ. ಕೆಡುಕನ್ನು ಓಡಿಸಲು ಕೆಂಪು ಬೇಕು. ಅದಕ್ಕೇ ಆ ದಿನ ಊಟಕ್ಕೆ 'ಐದು ಕೆಂಪು' ಅಡುಗೆ ಮಾಡುವ ಪದ್ಧತಿ ಹಲವು ಊರುಗಳಲ್ಲಿದೆ. ಕೆಂಪು ಹರಿವೆ ಅದರಲ್ಲಿ ಒಂದು.

ಎಳೆ ಸೊಪ್ಪಿನ ಕತೆ ಇದು. ಬಲಿತ ದಂಟಿನದು ಬೇರೆಯೇ. ಆಯಿಯ ತವರು ಶಾವೊಶಿಂಗ್. ಅಲ್ಲಿ, ಪಕ್ಕದ ನಿಂಗ್ಬೊದಲ್ಲಿ, ಹರಿವೆಯನ್ನು ಆಳೆತ್ತರ ಬೆಳೆಯಲು ಬಿಡುತ್ತಾರೆ. ಹೆಬ್ಬೆರಳು ದಪ್ಪದ ದಂಟನ್ನು ತುಂಡು ಮಾಡಿ, ನೀರಲ್ಲಿ ನೆನೆಸಿ, ಜಾಡಿಯಲ್ಲಿ ಮುಚ್ಚಿಡುತ್ತಾರೆ. ಕೆಲವು ದಿನಕ್ಕೆ ಒಳಗಿನ ತಿರುಳು ಕೊಳೆತು ಲೋಳೆಯಾಗುತ್ತದೆ. ಆಗ ಉಪ್ಪುನೀರು ಹಾಕುತ್ತಾರೆ. ಆ ನೀರನ್ನೂ ಚೆಲ್ಲುವುದಿಲ್ಲ, ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ಅದರಲ್ಲಿ ಅದ್ದಿಟ್ಟು ಅದಕ್ಕೂ ನಾತ ಹಿಡಿಸುತ್ತಾರೆ. ಹೌದು, ನಾತ ಅಂತಲೇ ಹೇಳಬೇಕು. ಆಯಿ ಜಾಡಿ ತೆರೆದರೆ ಮೂರನೇ ಮಹಡಿಗೂ ಸುದ್ದಿ ಮುಟ್ಟುತ್ತಿತ್ತು.

ತೋಫುವಿನ ಮೇಲೆ ಆ ದಂಟಿಟ್ಟು, ಒಂದು ಚಮಚ ಎಣ್ಣೆ ಬಿಟ್ಟು ಹಬೆಯಲ್ಲಿ ಬೇಯಿಸಿ ಕೊಟ್ಟರು. ತಿನ್ನುವುದು ಹೇಗೆ ಅಂತ ಅವರು ತೋರಿಸಬೇಕಾಗಲಿಲ್ಲ. ಒಂದು ತುದಿ ಹಲ್ಲಲ್ಲಿ ಕಚ್ಚಿ, ತಿರುಳನ್ನು ಸುರ್ರಂತ ಹೀರಿ, ನಾರನ್ನು ತಟ್ಟೆಯ ಬದಿಗಿಟ್ಟೆ. ದಂಟಿನ ಹುಳಿ ತಿಂದು ಬೆಳೆದವರಿಗೆ ಇದನ್ನು ಕಲಿಸಬೇಕೇ? ಆಯಿ ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿದರು. ರುಚಿ ಉಪ್ಪುಪ್ಪು, ಗಾಢ. ವಾಸನೆ ಮೂಗಿಗೇ ಹೊರತು ನಾಲಿಗೆಗೆ ಅಷ್ಟಿಲ್ಲ. ಎರಡನೇ ತುಂಡು ನಾನೇ ಕೇಳಿದೆ.

ಊರಿಗೆ ಬಂದ ಮೇಲೆ ಜಾಡಿಯ ತಂಟೆಗೆ ಹೋಗಲಿಲ್ಲ. ಬೆಳ್ಳುಳ್ಳಿಯದನ್ನು ಮಾತ್ರ ಅಮ್ಮನಿಗೆ, ಅಂದರೆ ನನ್ನ ನಿಜವಾದ ಆಯಿಗೆ, ಮಾಡಿ ಬಡಿಸಿದೆ. ಒಗ್ಗರಣೆ ಇಲ್ಲ, ಅರಿಶಿನ ಇಲ್ಲ. ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು.

"ಕಾಯಿ ಹಾಕೋದು ಮರೆತೆಯೇನೇ?"

ಮರೆತಿಲ್ಲ ಅಂದೆ. ಅವಳು ನಂಬಲಿಲ್ಲ. ಅನ್ನಕ್ಕೆ ರಸ ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡಳು.