ಬರೆಯುವುದೊಂದು, ಓದುವುದೊಂದು

ಎಲ್ಲರಿಗೂ ನಮಸ್ಕಾರ.

ಕಷ್ಟ ಬಂದಾಗ ನಾವು 'ಮೇಲೆ ದೇವರಿದ್ದಾನೆ' ಅನ್ನುತ್ತೇವೆ, ಅಲ್ವಾ? ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. 'ದೇವರು' ಬಹುವಚನದ ರೂಪ. 'ಇದ್ದಾನೆ' ಏಕವಚನ. ಬೇರೆ ಯಾವ ಪದಕ್ಕಾದರೂ ಹೀಗೆ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ದೇವರಿಗೆ ಮಾತ್ರ ಮಾಫಿ.

ಯೆಹೂದಿಯರ ಧರ್ಮಗ್ರಂಥವಾದ ಹೀಬ್ರೂ ಬೈಬಲ್ಲಿನ ಮೊದಲ ಸಾಲಿನಲ್ಲೂ ಹೀಗೇ ಇದೆ: 'ಬೆರೇಶೀತ್ ಬಾರಾ ಎಲೋಹೀಮ್'. ಎಲೋಹೀಮ್ ಅಂದರೆ ದೇವರು. ಆ ಪದದ ಕೊನೆಯ 'ಈಮ್' ನಮ್ಮ 'ಗಳು' ಇದ್ದ ಹಾಗೆ. ಆದರೆ 'ಬಾರಾ' ಅಂದರೆ 'ಸೃಷ್ಟಿಸಿದನು', ಒಬ್ಬನೇ. ನ್ಯಾಯ ತೀರಿಸುವ ದೇವರನ್ನು ಈ ಹೆಸರು ಸೂಚಿಸುತ್ತದೆ ಎಂದು ಹಳೆಯ ಯೆಹೂದಿ ಗುರುಗಳು ಹೇಳುತ್ತಾರೆ.

ಕರುಣೆ ತೋರಿಸುವ ದೇವರಿಗೆ ಇನ್ನೊಂದು ಹೆಸರು. ಅದರಲ್ಲಿ ನಾಲ್ಕೇ ಅಕ್ಷರ: ಯೋದ್, ಹೇ, ವಾವ್, ಹೇ. 'ಇರು' ಅನ್ನುವ ಧಾತುವಿಗೆ ಹತ್ತಿರದ್ದು. ಉರಿಯುವ ಪೊದೆಯ ಮುಂದೆ ನಿಂತ ಯೆಹೂದಿಯರ ಪ್ರವಾದಿ ಮೋಶೆ, ನಿನ್ನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂದು ದೇವರನ್ನು ಕೇಳಿದ. ಸಿಕ್ಕ ಉತ್ತರ, 'ಎಹ್ಯೆ ಅಶೆರ್ ಎಹ್ಯೆ'. 'ಇರುವವನಾಗಿಯೇ ಇರುತ್ತೇನೆ' ಅನ್ನಬಹುದು. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಇದನ್ನು ಬಲು ಚೆನ್ನಾಗಿ ಬಿಡಿಸಿದ್ದಾನೆ: ಈ ಕಷ್ಟದಲ್ಲಿ ಅವರ ಜೊತೆಗಿರುತ್ತೇನೆ, ಮುಂದೆ ಬರುವ ಕಷ್ಟದಲ್ಲೂ ಇರುತ್ತೇನೆ. ನನಗಂತೂ ಇದಕ್ಕಿಂತ ಒಳ್ಳೆಯ ಅರ್ಥ ಬೇಕಿಲ್ಲ.

ಆ ನಾಲ್ಕು ಅಕ್ಷರಗಳನ್ನು ಯೆಹೂದಿಯರು ಬರೆಯುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾರ್ಥನೆಯಲ್ಲಿ 'ಅದೋನಾಯ್' ಎಂದು ಓದುತ್ತಾರೆ, ಅಂದರೆ 'ನನ್ನ ಒಡೆಯ'. ಸುಮ್ನೆ ಮಾತಾಡುವಾಗ ಅದೂ ಜಾಸ್ತಿಯಾಯಿತು ಅಂತ 'ಹಶೆಮ್' ಅನ್ನುತ್ತಾರೆ. ಹಾಗೆಂದರೆ 'ಆ ಹೆಸರು', ಅಷ್ಟೇ. ತಾತನ ಹೆಸರು ಹೇಳದೆ 'ನಮ್ಮ ಮನೆಯವರು' ಅನ್ನುತ್ತಿದ್ದ ಅಜ್ಜಿಯರನ್ನು ಕಂಡ ನಮಗೆ ಇದು ತೀರಾ ಹೊಸದೇನಲ್ಲ.

ಹೀಬ್ರೂ ಲಿಪಿಯಲ್ಲಿ ಮೊದಲು ಸ್ವರಚಿಹ್ನೆ ಇರಲಿಲ್ಲ. ಆಮೇಲೆ ಬಂದ ಪಂಡಿತರು ಆ ನಾಲ್ಕು ಅಕ್ಷರಗಳಿಗೆ 'ಅದೋನಾಯ್' ಪದದ ಸ್ವರಗಳನ್ನು ಹಾಕಿದರು. ಇಲ್ಲಿ ಅದೋನಾಯ್ ಅಂತ ಓದಿ ಎಂಬ ಸೂಚನೆ ಅದು. ಯುರೋಪಿನ ಕ್ರೈಸ್ತ ಓದುಗರು ಎರಡನ್ನೂ ಕೂಡಿಸಿ ಓದಿಬಿಟ್ಟರು. ಕನ್ನಡ ಬೈಬಲ್ಲಿನ 'ಯೆಹೋವ' ಬಂದದ್ದು ಆ ದಾರಿಯಲ್ಲೇ.

ಎಚ್ಚರಿಕೆ ಲೆಕ್ಕದಲ್ಲೂ ಇದೆ. ಹೀಬ್ರೂನಲ್ಲಿ ಅಕ್ಷರಗಳೇ ಅಂಕಿ. 15 ಬರೆಯಲು 10 ಮತ್ತು 5 ಸೇರಿಸಿದರೆ 'ಯೋದ್ ಹೇ' ಆಗುತ್ತದೆ, ಅದು ಆ ಹೆಸರಿನ ಚಿಕ್ಕ ರೂಪ. 'ಹಲ್ಲೆಲೂಯಾ' ಪದದ ಕೊನೆಯ 'ಯಾ' ಅದೇ. ಹಾಗಾಗಿ 9 ಮತ್ತು 6 ಸೇರಿಸಿ 15 ಬರೆಯುತ್ತಾರೆ.

ದೇವರ ಹೆಸರು ಬರೆದ ಕಾಗದವನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಒಂದು ಕೋಣೆಯಲ್ಲಿಟ್ಟು ಆಮೇಲೆ ಹೂಳುತ್ತಾರೆ. ಆ ಕೋಣೆಗೆ 'ಗೆನೀಜಾ' ಎನ್ನುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ, ಅಂದರೆ ಯೆಹೂದಿಯರ ಪ್ರಾರ್ಥನಾ ಮಂದಿರದಲ್ಲಿ, ಇಂಥ ಕೋಣೆಯಿತ್ತು. ಹೀಬ್ರೂ ಲಿಪಿಯ ಕಾಗದ ಅಂತ ವ್ಯಾಪಾರದ ಪತ್ರಗಳನ್ನೂ ಅಲ್ಲಿಗೆ ಹಾಕುತ್ತಿದ್ದರು. ಅವುಗಳ ನಡುವೆ 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳು ಸಿಕ್ಕಿವೆ. ಮೆಣಸು, ಕಬ್ಬಿಣ, ಅಡಿಕೆಯ ಮಾತು ಅವುಗಳಲ್ಲಿದೆ. ಅವನ ಪರವಾಗಿ ಯೆಮೆನ್‌ನ ಏಡನ್ ಬಂದರಿನವರೆಗೆ ಹೋಗಿ ಬಂದ ಆಳಿನ ಹೆಸರೂ ಇದೆ. ಬೊಮ್ಮ ಅಂತ.