ಗೋರಿಕಲ್ಲಿನ ಮೇಲೆ ಓರೆ ಬಿಸಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಸ್ಮಶಾನಗಳಿಗೆ ಹೋಗಿ ಫೋಟೋ ತೆಗೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಹಾಗಂದ ಕೂಡಲೇ ಎದುರಿಗಿದ್ದವರ ಮುಖ ಸ್ವಲ್ಪ ಬದಲಾಗುತ್ತದೆ. ‘ಅಲ್ಲೇನಿದೆ ನೋಡೋದಕ್ಕೆ?’ ಅಂತ ಕೇಳುತ್ತಾರೆ. ಮನೆಯ ಹಿರಿಯರಾದರೆ ‘ಗಾಳಿ ಸೋಕೀತು, ಹೊತ್ತು ಮುಳುಗೋ ಮುಂಚೆ ಬಂದುಬಿಡು’ ಅನ್ನುತ್ತಾರೆ. ಬಂದ ಮೇಲೆ ತಲೆಗೆ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಲ್ಲೇನಿದೆ ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಶ್ರೀರಂಗಪಟ್ಟಣದಿಂದ ಶುರು ಮಾಡೋಣ. ಅಲ್ಲಿಗೆ ಹೋದವರು ಗುಂಬಜ್ ನೋಡದೆ ಬರುವುದಿಲ್ಲ. ಹೈದರ್ ಅಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ್ದು ಅದು. 1799ರ ಮೇ 4ರಂದು ಕೋಟೆ ಬಿತ್ತು. ಮಾರನೆಯ ದಿನ ಟಿಪ್ಪುವನ್ನೂ ಅಲ್ಲೇ ಅಪ್ಪ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು. ಇಷ್ಟು ನಮಗೆ ಗೊತ್ತು. ಹೆದ್ದಾರಿಗೆ ಹತ್ತಿರದಲ್ಲೇ, ಕಾವೇರಿಯ ದಡದಲ್ಲಿ ಇನ್ನೊಂದು ಜಾಗ ಇದೆ. ಗ್ಯಾರಿಸನ್ ಸಿಮೆಟ್ರಿ ಅಂತ ಕರೆಯುತ್ತಾರೆ. ಕೋಟೆ ಬಿದ್ದ ಮೇಲೆ ಅಲ್ಲಿ ಠಾಣೆ ಹೂಡಿದ ಇಂಗ್ಲಿಷರ ಸೈನ್ಯದ ಅಧಿಕಾರಿಗಳು, ಅವರ ಹೆಂಡಿರು, ಮಕ್ಕಳು ಮಲಗಿರುವ ಜಾಗ. ಮುನ್ನೂರರಷ್ಟು ಗೋರಿಗಳಿವೆ. ಇಟ್ಟಿಗೆ ಗಾರೆಯಲ್ಲಿ ಕಟ್ಟಿದವು ಜಾಸ್ತಿ. ಕೆಲವು ಚೌಕ ಕಟ್ಟೆ, ಕೆಲವು ಮೊನಚು ಗೋಪುರ. ಅಲ್ಲಿಗೆ ಹೋಗುವವರು ಬಹಳ ಕಡಿಮೆ.

ಯುದ್ಧ ಮುಗಿದ ಊರಿನಲ್ಲಿ ಇಷ್ಟೊಂದು ಜನ ಹೇಗೆ ಸತ್ತರು? ಬಹಳಷ್ಟು ಜನರನ್ನು ಕೊಂದದ್ದು ಜ್ವರ. ಸುತ್ತಲೂ ನದಿ, ಕಾಲುವೆ, ಗದ್ದೆ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿದ್ದು 1897ರಲ್ಲಿ, ಅಂದರೆ ಸುಮಾರು ನೂರು ವರ್ಷ ಆದ ಮೇಲೆ. ಆಗಿನವರು ಕೆಟ್ಟ ಗಾಳಿಯೇ ಕಾರಣ ಅಂದುಕೊಂಡಿದ್ದರು. ಕೊನೆಗೆ ತಾಳಲಾರದೆ 1809ರಲ್ಲಿ ಠಾಣೆಯನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ಬೆಳೆದದ್ದು ಹಾಗೆ. ಕಬ್ಬನ್ ರೋಡು, ಎಂ.ಜಿ. ರೋಡಿನಲ್ಲಿ ಓಡಾಡುವ ನಮಗೆ ಈ ಗೋರಿಗಳ ಜೊತೆ ಒಂದು ನಂಟಿದೆ ಅಂತ ಅನಿಸುವುದೇ ಇಲ್ಲ, ಅಲ್ವಾ?

ಅಲ್ಲಿ ಮಲಗಿರುವವರೆಲ್ಲ ಇಂಗ್ಲಿಷರೂ ಅಲ್ಲ. ಡಿ ಮ್ಯೂರಾನ್ ರೆಜಿಮೆಂಟ್ ಅಂತ ಒಂದು ಪಡೆ ಇತ್ತು. 1781ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ಲಿನ ಒಬ್ಬ ಕರ್ನಲ್ ಕಟ್ಟಿದ ಕೂಲಿ ಸೈನ್ಯ. ಮೊದಲು ಡಚ್ಚರ ಕಂಪನಿಗೆ ದುಡಿಯಿತು. ಸಿಲೋನಿನಲ್ಲಿದ್ದಾಗ, 1795ರಲ್ಲಿ, ಇಂಗ್ಲಿಷರ ಕೈಕೆಳಗೆ ಬಂತು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. ಮುಂದೆ ಅದೇ ಪಡೆ ಕೆನಡಾಕ್ಕೆ ಹೋಗಿ, 1816ರಲ್ಲಿ ವಿಸರ್ಜನೆಯಾಯಿತು. ಆಲ್ಪ್ಸ್ ಬೆಟ್ಟದ ಕೆಳಗೆ ಹುಟ್ಟಿದ ಹುಡುಗ ಯಾರದೋ ಸಂಬಳಕ್ಕೆ ಯಾರದೋ ಮೇಲೆ ಯುದ್ಧ ಮಾಡಿ, ಮಂಡ್ಯ ಜಿಲ್ಲೆಯ ಮಣ್ಣಿನಲ್ಲಿ ಮಲಗಿದ್ದಾನೆ. 2008ರ ಹೊತ್ತಿಗೆ ಡಿ ಮ್ಯೂರಾನ್ ವಂಶದವರೇ ಮುಂದೆ ಬಂದು ಈ ಜಾಗದ ದುರಸ್ತಿಗೆ ನೆರವಾದರು. ಅಷ್ಟು ದೂರದವರು, ಅಷ್ಟು ತಲೆಮಾರಿನ ಮೇಲೆ ಬಂದದ್ದು ನನಗೆ ದೊಡ್ಡ ವಿಷಯ ಅನಿಸುತ್ತದೆ.

ಆದರೆ ಅಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಅಧಿಕಾರಿಗಳ ಗೋರಿಯ ಮುಂದೆ ಅಲ್ಲ. ದೊಡ್ಡ ಅಧಿಕಾರಿಯ ವಿಷಯ ಪುಸ್ತಕದಲ್ಲಿ ಸಿಗುತ್ತದೆ. ಎಳೆಯ ಮಗುವಿನ ವಿಷಯ, ಗಂಡನ ಹುದ್ದೆಯಿಂದಲೇ ಗುರುತಿಸಿಕೊಂಡ ಹೆಣ್ಣಿನ ವಿಷಯ ಎಲ್ಲಿ ಸಿಗುತ್ತದೆ? ಆ ಕಾಲದ ಯಾವ ದಂಡಿನ ಸ್ಮಶಾನಕ್ಕೆ ಹೋದರೂ ವಯಸ್ಸನ್ನು ತಿಂಗಳಲ್ಲಿ, ದಿನದಲ್ಲಿ ಬರೆದ ಕಲ್ಲುಗಳು ಸಿಗುತ್ತವೆ. ಹೆರಿಗೆಯಲ್ಲಿ ತಾಯಿ, ಆಮೇಲೆ ಕೂಸು. ಅವರ ಬಗ್ಗೆ ಉಳಿದಿರುವ ನಾಲ್ಕು ಸಾಲು ಆ ಕಲ್ಲಿನ ಮೇಲಷ್ಟೇ. ಆ ನಾಲ್ಕು ಸಾಲೂ ಮಳೆಗೆ ಸವೆಯುತ್ತಿವೆ. ಗಾರೆ ಉದುರುತ್ತದೆ, ಅಮೃತಶಿಲೆಯ ಅಕ್ಷರ ಕರಗುತ್ತದೆ, ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ನಾನು ಕ್ಯಾಮೆರಾ ಹಿಡಿದು ಹೋಗುವುದು ಇದಕ್ಕೇ. ಇವತ್ತು ಓದಲು ಆಗುವ ಹೆಸರನ್ನು ಇವತ್ತೇ ಓದಿ ಇಟ್ಟುಕೊಳ್ಳಬೇಕು.

ಓದಬೇಕಾದರೆ ಬೆಳಕು ಬೇಕು. ಬೆಳಕು ಎದುರಿನಿಂದ ಬಿದ್ದರೆ ಸವೆದ ಅಕ್ಷರ ಕಾಣುವುದೇ ಇಲ್ಲ, ಕಲ್ಲು ಸಪಾಟಾಗಿ ಕಾಣುತ್ತದೆ. ಬಿಸಿಲು ಕಲ್ಲಿನ ಮೈ ಸವರಿಕೊಂಡು ಓರೆಯಾಗಿ ಹಾಯಬೇಕು. ಆಗ ಒಂದೊಂದು ಗೀರಿನಲ್ಲೂ ನೆರಳು ಕೂರುತ್ತದೆ, ಅಕ್ಷರ ಎದ್ದು ಬರುತ್ತದೆ. ಅಡ್ಡ ಮಲಗಿಸಿದ ಚಪ್ಪಡಿಗೆ ಬೆಳಗಿನ ಅಥವಾ ಸಂಜೆಯ ಹೊತ್ತು ಒಳ್ಳೆಯದು. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ನಿಂತ ಕಲ್ಲಿಗೆ ಹಾಗಲ್ಲ. ನೆತ್ತಿಯ ಮೇಲೆ ಬರುವ ಸೂರ್ಯ ಕಲ್ಲಿನ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ದಾಟುವ ಹೊತ್ತು, ಅಂದರೆ ನಡು ಮಧ್ಯಾಹ್ನದ ಆಸುಪಾಸು, ಅದಕ್ಕೆ ಸರಿ. ಮಧ್ಯಾಹ್ನದ ಬಿಸಿಲಿನಲ್ಲಿ ಫೋಟೋ ತೆಗೆಯಬಾರದು ಅಂತ ಎಲ್ಲರೂ ಹೇಳುತ್ತಾರೆ. ಗೋರಿಕಲ್ಲಿಗೆ ಆ ಮಾತು ನಡೆಯುವುದಿಲ್ಲ.

ಮರದ ನೆರಳಿನಲ್ಲಿರುವ ಕಲ್ಲಿಗೆ ಏನು ಮಾಡುವುದು? ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಒಂದು ದೊಡ್ಡ ಕನ್ನಡಿ ಕೊಡಿ. ಅವರು ಬಿಸಿಲಿರುವ ಕಡೆ ನಿಂತು ಬೆಳಕನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಲಿ. ಮೊಬೈಲಿನಲ್ಲಿ ತೆಗೆಯುವವರಿಗೂ ಇದು ಸಾಕು. ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದರೂ ನಡೆಯುತ್ತದೆ. ಸೀಮೆಸುಣ್ಣ ಮಾತ್ರ ಹಚ್ಚಬೇಡಿ. ತಂತಿ ಬ್ರಷ್ಷು, ಸೋಪು, ಆಸಿಡ್ಡು ಯಾವುದೂ ಬೇಡ. ಕಲ್ಲಿನ ಮೇಲೆ ಬೆಳೆದ ಹಾವಸೆಯನ್ನು ಕೆರೆದರೆ ಅದರ ಜೊತೆ ಅಕ್ಷರವೂ ಬರುತ್ತದೆ. ಒಂದು ಕಲ್ಲಿಗೆ ಮೂರು ಚಿತ್ರವಾದರೂ ಇರಲಿ: ದೂರದಿಂದ ಸುತ್ತಲಿನ ಜಾಗ ಕಾಣುವ ಹಾಗೆ ಒಂದು, ಇಡೀ ಗೋರಿ ಒಂದು, ಬರಹ ಮಾತ್ರ ಒಂದು. ದೂರದ ಚಿತ್ರ ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಆ ಕಲ್ಲು ಎಲ್ಲಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಅಂದಹಾಗೆ, ಕೈಯಲ್ಲೊಂದು ಕೋಲಿರಲಿ. ಹುಲ್ಲಿಗೆ ಕಾಲಿಡುವ ಮೊದಲು ನೆಲಕ್ಕೆ ಬಡಿಯಿರಿ, ಹಾವು ಇದ್ದರೆ ಸರಿದು ಹೋಗುತ್ತದೆ.

ಇದೆಲ್ಲ ಬಿಳಿಯರ ಹವ್ಯಾಸ, ನಮ್ಮಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದೆಲ್ಲಿದೆ ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಕರ್ನಾಟಕದಲ್ಲಿ ವೀರಗಲ್ಲು, ಮಾಸ್ತಿಕಲ್ಲು ಇಲ್ಲದ ಸೀಮೆಯೇ ಕಡಿಮೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ, ಮಾಡಿ ಪ್ರಾಣ ಬಿಟ್ಟವರ ಹೆಸರುಗಳು ಏಳನೆಯ ಶತಮಾನದಿಂದಲೂ ಇವೆ. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ಕಲ್ಲಂತೂ ಒಂದು ನಾಯಿಗೆ ನಿಲ್ಲಿಸಿದ್ದು. ಮಣಲೇರ ಎಂಬ ವೀರ ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು. ಹೆಸರು ಕಾಳಿ. ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಆ ಹೋರಾಟದ ಚಿತ್ರವೂ ಕಲ್ಲಿನಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಮಡಿಕೇರಿಯ ಗದ್ದುಗೆಗಳನ್ನು ಬಹಳ ಜನ ನೋಡಿರುತ್ತೀರಿ. ಕೊಡಗಿನ ಅರಸರಾದ ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರ ಸಮಾಧಿಗಳು. ಮೇಲೆ ಮುಸಲ್ಮಾನ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ನಂದಿ, ಒಳಗೆ ಶಿವಲಿಂಗ. ಅವುಗಳ ಬಳಿಯೇ, ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ.

ಆ ಅರಸು ಮನೆತನದ ಒಂದು ಗೋರಿ ಕೊಡಗಿನಿಂದ ಬಹಳ ದೂರದಲ್ಲಿದೆ. ಲಿಂಗರಾಜೇಂದ್ರನ ಮಗ ಚಿಕ್ಕ ವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಹೋದ. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಹನ್ನೊಂದರ ಹುಡುಗಿ. ಅಲ್ಲಿ ಆಕೆಯನ್ನು ಕ್ರೈಸ್ತ ಮತಕ್ಕೆ ಸೇರಿಸಿದರು. ರಾಣಿ ವಿಕ್ಟೋರಿಯಾ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಇಟ್ಟಳು. 1860ರಲ್ಲಿ ತನಗಿಂತ ಎಷ್ಟೋ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ. ಒಂದು ಹೆಣ್ಣು ಮಗು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಲಗಿದ್ದಾಳೆ. 1840ರಲ್ಲಿ ತೆರೆದ ದೊಡ್ಡ ಸ್ಮಶಾನ ಅದು. ಈಗ ಅಲ್ಲಿ ಜನ ಉದ್ಯಾನದಲ್ಲಿ ಅಡ್ಡಾಡುವ ಹಾಗೆ ಅಡ್ಡಾಡುತ್ತಾರೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ, ಕೊಡವರಿಗೆ ನನ್ನ ಒಂದು ಕೋರಿಕೆ. ಸಮಯ ಮಾಡಿಕೊಂಡು ಒಮ್ಮೆ ಹೋಗಿ ಬನ್ನಿ. ನಮ್ಮ ಸೀಮೆಯ ಹೆಣ್ಣುಮಗಳು. ಒಂದು ಹೂವು ಇಟ್ಟು ಬನ್ನಿ.

ಬೀದರಿನ ಅಷ್ಟೂರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿ ನಿಂತಿವೆ. ಮೊದಲಿನವು ಭಾರಿ, ಮನೆತನದ ಬಲ ಕುಗ್ಗುತ್ತಾ ಹೋದ ಹಾಗೆ ಗೋರಿಗಳೂ ಚಿಕ್ಕದಾಗುತ್ತವೆ. ಆ ಸುಲ್ತಾನರಲ್ಲೊಬ್ಬನಾದ ಹುಮಾಯೂನನ ಗೋರಿಗೆ ಸಿಡಿಲು ಹೊಡೆದು ಗುಮ್ಮಟ ಸೀಳಿಹೋಗಿದೆ. 1436ರಲ್ಲಿ ತೀರಿಕೊಂಡ ಸುಲ್ತಾನ ಅಹಮದ್ ಶಾನನ್ನು ಒಬ್ಬರು ವಲಿ, ಅಂದರೆ ಸಂತ, ಅನ್ನುತ್ತಾರೆ, ಇನ್ನೊಬ್ಬರು ಅಲ್ಲಮಪ್ರಭು ಅನ್ನುತ್ತಾರೆ. ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ಒಳಗಿನ ಬಣ್ಣದ ಚಿತ್ತಾರ ತೆಗೆಯಬೇಕೆಂದರೆ ಕತ್ತಲು. ಫ್ಲಾಶ್ ಬಳಸಬೇಡಿ. ಕ್ಯಾಮೆರಾವನ್ನು ಅಲುಗದ ಹಾಗೆ ಇಟ್ಟು, ಬಾಗಿಲಿನ ಬೆಳಕನ್ನೇ ನಂಬಿ, ಜಾಸ್ತಿ ಹೊತ್ತು ತೆರೆದಿಡಿ.

ನಡವಳಿಕೆಯ ಮಾತು. ಕಬರಸ್ತಾನವಾದರೆ ಮೊದಲು ಮಸೀದಿಯ ಕಮಿಟಿಯವರನ್ನು ಕೇಳಿ. ಚರ್ಚಿನದಾದರೆ ಪಾದ್ರಿಗಳನ್ನು. ಲಿಂಗಾಯತರ ರುದ್ರಭೂಮಿಯಲ್ಲಿ ಸಮಾಧಿಗೆ ಎಡೆ ಇಟ್ಟು ಕೂತ ಮನೆಯವರಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಹೊಸ ಗೋರಿಗಳ ಫೋಟೋ ನಾನು ತೆಗೆಯುವುದಿಲ್ಲ. ಮನೆಯವರ ಕಣ್ಣೀರು ಇನ್ನೂ ಆರಿರುವುದಿಲ್ಲ. ಗೋರಿಯ ಮೇಲೆ ಹತ್ತಿ ಕೂತು ಚಿತ್ರ ತೆಗೆಸಿಕೊಳ್ಳುವವರನ್ನು ಕಂಡರೆ ನಾನು ಸುಮ್ನೆ ಇರುವುದಿಲ್ಲ, ಇಳಿಯಲು ಹೇಳುತ್ತೇನೆ.

ತೆಗೆದ ಚಿತ್ರ ಫೋನಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಬರಹವನ್ನು ಇದ್ದ ಹಾಗೇ, ಕಾಗುಣಿತದ ತಪ್ಪಿನ ಸಮೇತ, ನಕಲು ಮಾಡಿ. ಊರು, ಜಾಗ, ತಾರೀಕು ಬರೆಯಿರಿ. ಒಂದು ಪ್ರತಿಯನ್ನು ಆ ಚರ್ಚಿಗೋ ಕಮಿಟಿಗೋ ಕೊಡಿ. ದಕ್ಷಿಣ ಏಷ್ಯಾದ ಯುರೋಪಿಯನ್ನರ ಗೋರಿಗಳನ್ನು ಪಟ್ಟಿ ಮಾಡಲು 1976ರಲ್ಲಿ ಲಂಡನ್ನಿನಲ್ಲಿ ಒಂದು ಸಂಘವೇ ಹುಟ್ಟಿತು. ಬಾಕ್ಸಾ ಅಂತ ಅದರ ಚುಟುಕು ಹೆಸರು. ಅದರ ದಾಖಲೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮುತ್ತಜ್ಜನ ಮುತ್ತಜ್ಜನನ್ನು ಹುಡುಕುವವರಿಗೆ ಅದೇ ಆಸರೆ. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ಕನ್ನಡದಲ್ಲೇ ಬರೆದ ಕಲ್ಲುಗಳಿಗೂ ಅಂಥ ಪಟ್ಟಿ ಊರೂರಿಗೆ ಆಗಬೇಕು ಅಂತ ನನ್ನ ಆಸೆ. ನಿಮ್ಮ ಊರಿನ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರು ಸೇರಿದರೆ ಆಗುವ ಕೆಲಸ.

ಹೋಗುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಹುಲ್ಲು ಒಣಗಿರುತ್ತದೆ, ಮಳೆಗಾಲದಲ್ಲಿ ಮುಚ್ಚಿಹೋದ ಚಿಕ್ಕ ಕಲ್ಲುಗಳೂ ಆಗ ಕಾಣುತ್ತವೆ. ಕನ್ನಡಿ ಮರೆಯಬೇಡಿ. ನಮಸ್ಕಾರ.